ಕೂಗಬಾರದ ಮನೆ

ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಕವರುಗಳು ಕಡಿಮೆಯಾಗುತ್ತಿವೆ ಎಂಬುದನ್ನು ಮೊದಲು ಕಂಡುಹಿಡಿದವಳು ಅಜ್ಜಿ. ಅಂಗಡಿಯಿಂದ ಬಂದ ಒಂದೊಂದು ಕವರನ್ನೂ ತೊಳೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ತನ್ನ ಹಾಸಿಗೆಯ ಕೆಳಗೆ ಇಡುವುದು ಅವಳ ಮೂವತ್ತು ವರ್ಷದ ಅಭ್ಯಾಸ.

"ನನ್ನ ಕವರುಗಳನ್ನ ಯಾರು ಎಸೀತಿದ್ದೀರಿ?"

ಸೊಸೆ ಲಾಂಡ್ರಿಗೆ ಹೊರಡುವ ಅವಸರದಲ್ಲಿದ್ದಳು. ಏಳು ಗಂಟೆಗೆ ಇಸ್ತ್ರಿ ಮೇಜಿನ ಮುಂದೆ ನಿಂತಿರಬೇಕು. "ಅತ್ತೆ, ನಿಮ್ಮ ಆಸ್ತಿಗೆ ನಾನು ಕೈ ಹಾಕಿಲ್ಲ."

"ಹಾಗಾದ್ರೆ ಅವಕ್ಕೆ ಕಾಲು ಬಂತಾ?"

"ಬಂದಿರಬೇಕು. ಈ ಮನೇಲಿ ಎಲ್ಲಕ್ಕೂ ಕಾಲು ಬರುತ್ತೆ, ಮನೆಕೆಲಸಕ್ಕೆ ಒಂದು ಬಿಟ್ಟು."

ತಟ್ಟೆಯ ಮುಂದೆ ಕೂತಿದ್ದ ಅವಳ ಮಗಳು ನಗಲಿಲ್ಲ. ಅವಳ ಕೈಯಿಂದ ಲೋಟ ಜಾರಿ ಹಾಲು ಚೆಲ್ಲಿತು. ಒರೆಸಲು ಬಗ್ಗಿದ ಅಮ್ಮನಿಗೆ ಮಗಳ ಬಾಯಿಯ ಸುತ್ತ ಕೆಂಪಗೆ ಎದ್ದ ಗುಳ್ಳೆಗಳು ಕಂಡವು.

"ಏನೇ ಇದು?"

"ಚಳಿಗೆ ಒಡೆದಿದೆ."

"ಎಣ್ಣೆ ಹಚ್ಕೋ," ಎಂದು ಅಮ್ಮ ಓಡಿದಳು. ಆ ಬೆಳಗ್ಗೆ ಇಷ್ಟೇ ಆದದ್ದು.

ಅಪ್ಪ ಸೋಫಾ ರಿಪೇರಿ ಮಾಡುವವನು. ಬೀದಿಯ ಕಡೆಗೆ ಅಂಗಡಿ, ಅದರ ಬೆನ್ನಿಗೆ ಎರಡು ಕೋಣೆಯ ಮನೆ, ನಡುವೆ ಒಂದು ಬಾಗಿಲು. ಫೋಮಿಗೆ ರೆಕ್ಸಿನ್ ಅಂಟಿಸುವ ಸಲ್ಯೂಷನ್‌ನ ವಾಸನೆ ಆ ಬಾಗಿಲು ದಾಟಿ ಬಂದು ಹೊದಿಕೆ, ಪರದೆ, ಅನ್ನದ ಪಾತ್ರೆಯಲ್ಲೆಲ್ಲ ಕೂತಿತ್ತು. ಹಾಗಾಗಿ ಮಗಳ ಉಸಿರಿನಲ್ಲಿ ಅದೇ ವಾಸನೆ ಬರತೊಡಗಿದಾಗ ಯಾರ ಮೂಗಿಗೂ ಅದು ಹೊಸದೆನಿಸಲಿಲ್ಲ. ಅವಳಿಗೆ ಹದಿನಾರು ತುಂಬಿತ್ತು. ಮನೆಯಲ್ಲಿ ಮಾತ್ರ ಇನ್ನೂ ಪಾಪು. ಎರಡು ವರ್ಷದಿಂದ ಸಂಜೆ ಶಾಲೆ ಮುಗಿಸಿ ಬಂದು ಅಪ್ಪನ ಜೊತೆ ಕೂತು ಫೋಮಿಗೆ ಸಲ್ಯೂಷನ್ ಬಳಿಯುತ್ತಿದ್ದಳು. ಬ್ರಷ್ಷನ್ನು ಅವಳ ಕೈಗೆ ಕೊಟ್ಟವನು ಅಪ್ಪನೇ. ನನಗಿಂತ ನೀಟಾಗಿ ಬಳಿಯುತ್ತಾಳೆ ಎಂದು ಗಿರಾಕಿಗಳ ಮುಂದೆ ಹೊಗಳುತ್ತಿದ್ದ.

ಭಾನುವಾರ ಅಜ್ಜಿ ಮೊಮ್ಮಗಳ ಶಾಲೆಯ ಚೀಲದ ಹರಿದ ಪಟ್ಟಿ ಹೊಲಿಯಲು ಕೂತಳು. ಚೀಲದ ತಳದಲ್ಲಿ ಅವಳ ಕವರುಗಳಿದ್ದವು, ಆರು. ಒಂದೊಂದರ ಒಳಗೂ ಸಲ್ಯೂಷನ್ ಒಣಗಿ ಹಳದಿ ಪೊರೆ ಕಟ್ಟಿತ್ತು. ಅಜ್ಜಿಗೆ ಅರ್ಥವಾಗಲಿಲ್ಲ. ಮಗನಿಗೆ ತೋರಿಸಿದಳು. ಅವನಿಗೆ ಅರ್ಥವಾಯಿತು.

ಅವನ ಗಂಟಲು ದೊಡ್ಡದು. "ಪಾಪೂ" ಎಂದು ಕೂಗಿದ ಕೂಗಿಗೆ ಎದುರುಮನೆಯ ಕಿಟಕಿ ತೆರೆಯಿತು. ಅಂಗಡಿಯ ಹಿಂದಿನ ಮೂಲೆಯಿಂದ ಎದ್ದು ಬಂದ ಹುಡುಗಿ ಅಪ್ಪನ ಕೈಯಲ್ಲಿದ್ದ ಕವರು ನೋಡಿದಳು, ಓಡಿದಳು. ಅಪ್ಪ ಅಟ್ಟಿಸಿಕೊಂಡು ಹೋದ. ಬೀದಿಯ ಕೊನೆಯ ನಲ್ಲಿಯ ಹತ್ತಿರ ಅವಳು ಕುಸಿದಳು. ಅವನು ತಲುಪುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಲ್ಲಿ ಅವಳಿಗೆ ಉಸಿರು ಸರಿಹೋಯಿತು. ಹೃದಯದ ಪರೀಕ್ಷೆ ಮಾಡಿದ ಕುಳ್ಳಗಿನ ಡಾಕ್ಟರಮ್ಮ ಮೂವರನ್ನೂ ಹೊರಗೆ ಕರೆದು ನಿಲ್ಲಿಸಿದಳು.

"ಓಡಿಸಿದ್ದು ಯಾರು?"

"ನಾನು," ಎಂದ ಅಪ್ಪ.

"ಇನ್ನು ಮೇಲೆ ಓಡಿಸಬೇಡಿ. ಅದನ್ನ ಮೂಸಿ ಅಮಲಲ್ಲಿರೋವಾಗ ಹೆದರಿಸಬಾರದು, ಹಿಂದಿನಿಂದ ಕೂಗಬಾರದು, ಕೈ ಹಿಡಿದು ಎಳೀಬಾರದು. ಹೃದಯ ನಿಂತು ಹೋಗಬಹುದು."

"ನಿಂತು ಹೋಗೋದು ಅಂದ್ರೆ?"

"ನಿಂತು ಹೋಗೋದು ಅಂದ್ರೆ ನಿಂತು ಹೋಗೋದೇ. ಈ ಸಲ ಅದೃಷ್ಟ ಇತ್ತು."

ಅಜ್ಜಿ ಕೇಳಿದಳು, "ಬಿಡಿಸೋಕೆ ಮಾತ್ರೆ ಕೊಡ್ತೀರೇನಮ್ಮ?"

"ಇದಕ್ಕೆ ಮಾತ್ರೆ ಇಲ್ಲ ಅಜ್ಜಿ. ವಾರಕ್ಕೆ ಎರಡು ಸಲ ಇಲ್ಲಿ ಕೌನ್ಸೆಲಿಂಗಿಗೆ ಕರ್ಕೊಂಡು ಬನ್ನಿ. ಶನಿವಾರ ನೀವೆಲ್ಲರೂ ಬರಬೇಕು. ಅದರಲ್ಲಿ ಆಗದಿದ್ರೆ ನಮ್ಮಲ್ಲೇ ಮಕ್ಕಳ ವಾರ್ಡಿದೆ, ಮನೆಯವರೊಬ್ಬರು ಜೊತೆಗಿರಬಹುದು. ತಿಂಗಳುಗಟ್ಟಲೆ ಹಿಡಿಯುತ್ತೆ. ನಡುವೆ ಮತ್ತೆ ಮೂಸಬಹುದು. ಆಗ ಎಲ್ಲಾ ಮುಗೀತು ಅಂದ್ಕೋಬೇಡಿ."

ಹೊರಗೆ ಬಂದ ಮೇಲೆ ಅಜ್ಜಿ ಗೊಣಗಿದಳು. "ಮಾತ್ರೆ ಕೊಡದವಳು ಯಾವ ಸೀಮೆ ಡಾಕ್ಟ್ರು."

ಅಂದಿನಿಂದ ಆ ಮನೆ ದನಿ ತಗ್ಗಿಸಿತು. ಅಮಲಿನಲ್ಲಿರುವಾಗ ಮಾತ್ರ ಹೆದರಿಸಬಾರದು ಎಂದಿದ್ದಳು ಡಾಕ್ಟರಮ್ಮ. ಆದರೆ ಯಾವಾಗ ಅಮಲು, ಯಾವಾಗ ಬರೀ ಹುಡುಗಿಯ ಮುನಿಸು ಎಂದು ಹೇಳುವವರು ಯಾರು? ಹಾಗಾಗಿ ಯಾವಾಗಲೂ ಮೆಲ್ಲಗೆ. ಅಪ್ಪ ಕರೆಗಂಟೆಯ ತಂತಿ ಕಿತ್ತುಹಾಕಿದ. ಕುಕ್ಕರ್ ಕೂಗುವ ಮೊದಲೇ ಆರಿಸಲು ಅಜ್ಜಿ ಒಲೆಯ ಮುಂದೆ ಕಾವಲು ನಿಂತಳು. ಅನ್ನ ಒಂದು ದಿನ ಅಕ್ಕಿ, ಒಂದು ದಿನ ಗಂಜಿ. ಅತ್ತೆ ಸೊಸೆ ಪಿಸುಮಾತಿನಲ್ಲೇ ಜಗಳವಾಡಿದರು.

"ಉಪ್ಪು ಹಾಕಿದ್ದೀಯಾ ಇಲ್ವಾ?"

"ಹಾಕಿದ್ದೀನಿ. ನಿಮ್ಮ ನಾಲಿಗೆ ಸತ್ತಿದೆ."

"ಏನಂದೆ? ಕೇಳಿಸಲಿಲ್ಲ."

"ಕೇಳಿಸದೇ ಇರ್ಲಿ ಅಂತಾನೇ ಮೆಲ್ಲಗೆ ಹೇಳಿದ್ದು."

ಅಪ್ಪ ಸಲ್ಯೂಷನ್ ಡಬ್ಬಗಳನ್ನು ವಾಪಸು ಕೊಟ್ಟ. ಇನ್ನು ದಾರ, ಮೊಳೆ ಮಾತ್ರ. ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿಯಿತು. ಕೆಲವು ಗಿರಾಕಿಗಳು ಹಳೆ ಕುರ್ಚಿಗಳನ್ನು ಹಾಗೇ ವಾಪಸು ಒಯ್ದರು. ಒಂದು ಡಬ್ಬ ಮಾತ್ರ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗದೊಳಗೆ ಉಳಿಯಿತು. ಹೊಲಿಯಲಾಗದ ಚರ್ಮದ ಮೂಲೆಗಳಿದ್ದ ಒಂದು ದೊಡ್ಡ ಆರ್ಡರು ಬಾಕಿಯಿತ್ತು, ಅದು ಮುಗಿಯುವ ತನಕ ಎಂದು. ಬೀಗದ ಕೈ ಅವನ ಅಂಗಿಯ ಜೇಬಿನಲ್ಲಿ.

ಅಮ್ಮ ದಿನವೂ ಐದಕ್ಕೆ ಎದ್ದು ಮಗಳ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದಳು. ಬಿಸಿ ಉಸಿರು ತಾಗಿದ ಮೇಲೆ ಒಲೆ ಹಚ್ಚುತ್ತಿದ್ದಳು. ಲಾಂಡ್ರಿಯಲ್ಲಿ ಫೋನ್ ರಿಂಗಾದರೆ ಅವಳ ಕೈಯ ಇಸ್ತ್ರಿಪೆಟ್ಟಿಗೆ ತಪ್ಪುತ್ತಿತ್ತು. ಎರಡು ಹಾಸಿಗೆ ಬಟ್ಟೆ ಸುಟ್ಟಳು. ಯಜಮಾನ ಬೈದ.

ಮೊದಲ ಶನಿವಾರ ಎಲ್ಲರೂ ಹೋದರು. ದುಂಡಗೆ ಹಾಕಿದ ಕುರ್ಚಿಗಳಲ್ಲಿ ಕೂರಿಸಿ ಕೌನ್ಸೆಲರ್ ಎಂಬ ನರೆಗೂದಲ ಹೆಂಗಸು ಕೇಳಿದಳು, "ಅದು ಹೇಗಿರುತ್ತೆ ಅಂತ ಮನೆಯವರಿಗೆ ಹೇಳ್ತೀಯಾ?"

ಹುಡುಗಿ ಉಗುರು ನೋಡಿಕೊಂಡಳು. "ಮೊದಲು ತಲೆನೋವು ಹೋಗ್ತಿತ್ತು. ಆಮೇಲೆ ತಲೇನೇ ಇರ್ತಿರಲಿಲ್ಲ. ಹಾಯಾಗಿತ್ತು."

"ಈಗ?"

"ಈಗ ತಲೆ ಇದೆ."

ಅಜ್ಜಿ ಸೆರಗಿನಂಚಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಕುರ್ಚಿಯ ಸೀಟು ಸರಿಯಾಗಿ ಬಿಗಿದಿಲ್ಲವೆಂದು ಅದರ ಅಂಚನ್ನು ಒತ್ತುತ್ತಾ ಕೂತಿದ್ದ. ಅವನಿಗೆ ಬೇರೆಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಮೂರು ವಾರ ಹೀಗೆ ನಡೆಯಿತು. ನಾಲ್ಕನೆಯ ವಾರದ ಸೋಮವಾರ ಶಾಲೆಯಿಂದ ಬಂದವಳ ಬಾಯಲ್ಲಿ ಬೇರೆ ವಾಸನೆ ಇತ್ತು, ಪೇಂಟ್ ಅಂಗಡಿಯ ವಾಸನೆ. ಗೋಡೆ ಹಿಡಿದು ಒಳಗೆ ಬಂದು, ಮಲಗಿದಳು. ಅಮ್ಮ ಪಕ್ಕದಲ್ಲಿ ಕೂತು ಅವಳ ಎದೆ ಏರಿಳಿಯುವುದನ್ನೇ ನೋಡಿದಳು. ಮುಟ್ಟಲಿಲ್ಲ, ಮಾತಾಡಿಸಲಿಲ್ಲ. ಬಾಗಿಲಲ್ಲಿ ಅಪ್ಪ, ಅವನ ಹಿಂದೆ ಅಜ್ಜಿ. ಮೂರು ಜನ ಎರಡು ಗಂಟೆ ಹಾಗೇ ಇದ್ದರು.

ಮರುದಿನ ಅಮ್ಮನ ತಮ್ಮ ಬಂದ. ಬಸ್ ಕಂಡಕ್ಟರ್. ಇಪ್ಪತ್ತು ವರ್ಷ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಕೇಳುವಂತೆ ಕೂಗಿದ ಗಂಟಲು.

"ಅಕ್ಕ, ಬರೀ ಬಾಯಿಮಾತಲ್ಲಿ ಚಟ ಬಿಡ್ಸೋಕಾಗುತ್ತಾ?"

"ಮೆಲ್ಲಗೆ ಮಾತಾಡೋ."

"ಮೆಲ್ಲಗೇನೇ ಮಾತಾಡ್ತಿರೋದು. ನಮ್ಮ ಡಿಪೋದವನ ಮಗ ಊರಾಚೆ ಒಂದು ಕೇಂದ್ರದಲ್ಲಿ ನಾಲ್ಕು ತಿಂಗಳಿದ್ದ. ಈಗ ಹೇಳಿದ ಮಾತು ಮೀರಲ್ಲ. ಕೂತ್ಕೋ ಅಂದ್ರೆ ಕೂತ್ಕೊಂಡ, ನಿಂತ್ಕೋ ಅಂದ್ರೆ ನಿಂತ್ಕೊಂಡ."

"ಅದೇನು ಸರ್ಕಸ್ಸಾ?" ಎಂದಳು ಅಜ್ಜಿ.

ಆದರೂ ಗುರುವಾರ ಅಪ್ಪ ಅಮ್ಮ ಇಬ್ಬರೂ ನೋಡಲು ಹೋದರು. ಹಿಂದೊಮ್ಮೆ ಧಾನ್ಯದ ಗೋದಾಮು ಆಗಿದ್ದ ಕಟ್ಟಡ. ಬಾಗಿಲಿಗೆ ಚಿಲಕ ಹೊರಗಡೆ. ಉದ್ದನೆಯ ಹಾಲಿನಲ್ಲಿ ಮಕ್ಕಳು ಸಾಲಾಗಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ಎಲ್ಲರ ತಲೆಯನ್ನೂ ಬೋಳಿಸಲಾಗಿತ್ತು.

"ಮೊದಲ ತಿಂಗಳು ಭೇಟಿ ಇಲ್ಲ, ಫೋನಿಲ್ಲ," ಎಂದ ಮೇಲ್ವಿಚಾರಕ. "ನೀವು ನಿಶ್ಚಿಂತೆಯಾಗಿ ಮನೇಲಿ ನಿದ್ದೆ ಮಾಡಿ."

"ಡಾಕ್ಟರಿದ್ದಾರಾ?" ಅಮ್ಮ ಕೇಳಿದಳು.

"ಬೇಕಾದ್ರೆ ಕರೆಸ್ತೀವಿ."

"ಔಷಧಿ?"

"ಶಿಸ್ತೇ ಔಷಧಿ ತಾಯಿ."

ಅಪ್ಪ, ಮೇಲ್ವಿಚಾರಕ ಇಬ್ಬರೂ ಕಾಗದ ನೋಡುತ್ತಿದ್ದಾಗ ಅಮ್ಮ ಹಿತ್ತಲಿಗೆ ಹೋದಳು. ಹದಿನಾಲ್ಕೋ ಹದಿನೈದೋ ವಯಸ್ಸಿನ ಹುಡುಗಿಯೊಬ್ಬಳು ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ತಲೆಯೆತ್ತದೆ ಕೇಳಿದಳು, "ಆಂಟಿ, ಇವತ್ತು ಯಾವ ವಾರ?"

"ಗುರುವಾರ ಕಂದಾ."

ತಿಕ್ಕುತ್ತಿದ್ದ ಕೈ ನಿಂತಿತು. "ಗುರುವಾರ ಆಗಲೇ ಆಗಿತ್ತಲ್ಲ."

ಹಿಂದಿರುಗುವ ಬಸ್ಸಿನಲ್ಲಿ ಅಮ್ಮ ಹೇಳಿದಳು, "ಅಲ್ಲಿಗೆ ಬೇಡ. ಆಸ್ಪತ್ರೆ ವಾರ್ಡಿಗೆ ಸೇರ್ಸೋಣ."

"ವಾರ್ಡಲ್ಲಿ ಬಾಗಿಲು ತೆಗೆದೇ ಇರುತ್ತಂತೆ. ಎದ್ದು ಹೊರಟ್ರೆ?"

"ಹೋಗಿ ಹಿಡ್ಕೊಂಡು ಬರೋಣ."

"ಓಡಿಸಬಾರದು ಅಂದಿದ್ದಾರೆ," ಎಂದ ಅಪ್ಪ. "ಆ ನಲ್ಲಿ ಹತ್ರ ನೀನಿರಲಿಲ್ಲ. ನಾನಿದ್ದೆ. ಆ ಕೇಂದ್ರದಲ್ಲಿ ಬೀಗ ಇದೆ ಕಣೇ. ಬೋಳು ತಲೆ ಆದ್ರೇನು, ಉಸಿರಾಡ್ಕೊಂಡಿರ್ತಾಳೆ."

"ಆ ಹುಡುಗೀನೂ ಉಸಿರಾಡ್ತಿದ್ಲು, ರೀ."

ಅವನು ಉತ್ತರ ಕೊಡಲಿಲ್ಲ. ಒಪ್ಪಿದ್ದಾನೆ ಎಂದು ಅವಳು ತಿಳಿದಳು.

ಮುಂದಿನ ಮಂಗಳವಾರ ಹೆಂಡತಿ ಲಾಂಡ್ರಿಗೆ ಹೋದ ಮೇಲೆ, ಅಪ್ಪ ಮಗಳಿಗೆ ಇವತ್ತು ಶಾಲೆ ಬೇಡ ಎಂದ. ಹನ್ನೊಂದಕ್ಕೆ ಆ ಕೇಂದ್ರದ ಬಿಳಿ ವ್ಯಾನು ಬಂದು ಅಂಗಡಿಯ ಮುಂದೆ ನಿಂತಿತು. ಕಂಡಕ್ಟರ್ ಮಾವ ಮುಂದಿನ ಸೀಟಿನಿಂದ ಇಳಿದ, ಹಿಂದಿನಿಂದ ದಪ್ಪ ತೋಳಿನ ಇಬ್ಬರು. ಅಪ್ಪ ಬೆಳಗಿನಿಂದ ಚರ್ಮದ ಸೋಫಾದ ಮೂಲೆಗಳನ್ನು ಅಂಟಿಸಲು ಕೂತಿದ್ದ. ಕಬ್ಬಿಣದ ಪೆಟ್ಟಿಗೆ ತೆರೆದೇ ಇತ್ತು. ಕೈಯೊರೆಸಿಕೊಂಡು ಹೊರಗೆ ಹೋಗಿ, ಅವರು ಕೊಟ್ಟ ಕಾಗದಕ್ಕೆ ವ್ಯಾನಿನ ಬಾಗಿಲ ಮೇಲಿಟ್ಟು ಸಹಿ ಹಾಕಿದ. ಹಿಂದಿರುಗಿ ನೋಡಿದರೆ ಪೆಟ್ಟಿಗೆಯಲ್ಲಿ ಡಬ್ಬವಿರಲಿಲ್ಲ. ಏಣಿಯ ಮೇಲ್ಗಡೆ, ಫೋಮ್ ಒಟ್ಟಿದ ಅಟ್ಟದಲ್ಲಿ ಏನೋ ಸರಿದಾಡಿತು.

"ಪಾಪು?"

ಸಲ್ಯೂಷನ್ ವಾಸನೆ ಮಾತ್ರ ಕೆಳಗಿಳಿದು ಬರುತ್ತಿತ್ತು.

ಅಟ್ಟದ ಅಂಚಿನಲ್ಲಿ, ಸಿಮೆಂಟು ನೆಲಕ್ಕೆ ಹತ್ತು ಅಡಿ ಮೇಲೆ, ಅವಳು ಕಾಲು ಇಳಿಬಿಟ್ಟು ಕೂತಿದ್ದಳು. ಡಬ್ಬ ತೊಡೆಯ ಮೇಲಿತ್ತು. ಕಣ್ಣು ತೆರೆದಿದ್ದವು, ಯಾರನ್ನೂ ನೋಡುತ್ತಿರಲಿಲ್ಲ.

"ಹತ್ತಿ ಇಳಿಸ್ತೀವಿ ಬಿಡಿ, ಇದೆಲ್ಲ ನಮಗೆ ದಿನಾ ಇದ್ದದ್ದೇ," ಎಂದು ದಪ್ಪ ತೋಳಿನವನೊಬ್ಬ ಏಣಿಗೆ ಕೈ ಹಾಕಿದ.

ಅಷ್ಟರಲ್ಲಿ ಒಳಬಾಗಿಲಿನಿಂದ ಅಜ್ಜಿ ಬಂದಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ವ್ಯಾನು ನೋಡಿದಳು, ಅಟ್ಟ ನೋಡಿದಳು. ಸೀದಾ ಹೋಗಿ ಏಣಿಯ ಎರಡನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನನ್ನ ತುಳ್ಕೊಂಡು ಹತ್ತಬೇಕು ನೀನು," ಎಂದಳು. ದನಿ ಎಷ್ಟು ತಗ್ಗಿತ್ತೆಂದರೆ ಅವನು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

ಕಂಡಕ್ಟರ್ ಮಾವ ಬಾಯಿ ತೆರೆದ. ಅಕ್ಕನ ಮಗಳ ಕಾಲು ಗಾಳಿಯಲ್ಲಿ ಮೆಲ್ಲಗೆ ಆಡುವುದನ್ನು ನೋಡಿದ. ತನ್ನ ಬಾಯಿಯನ್ನು ತಾನೇ ಅಂಗೈಯಿಂದ ಮುಚ್ಚಿಕೊಂಡ.

ಅಪ್ಪ ದಪ್ಪ ತೋಳಿನವರಿಬ್ಬರನ್ನೂ ಹಿಡಿದು ಹೊರಗೆ ನಡೆಸಿದ. "ವ್ಯಾನ್ ತಳ್ಕೊಂಡು ಹೋಗಿ. ಇಂಜಿನ್ ಹಾಕ್ಬೇಡಿ. ಬೀದಿ ಕೊನೇಗೆ ಹೋಗಿ ಹಾಕಿ."

"ಸಹಿ ಆಗಿದೆಯಲ್ಲ ಸ್ವಾಮಿ," ಎಂದ ಅವರಲ್ಲೊಬ್ಬ.

ಅಪ್ಪ ಅವನ ಕೈಯಲ್ಲಿದ್ದ ಕಾಗದ ತೆಗೆದುಕೊಂಡು ಮಡಚಿ ತನ್ನ ಜೇಬಿಗಿಟ್ಟುಕೊಂಡ. ಕಂಡಕ್ಟರ್ ಮಾವನೇ ಹೋಗಿ ವ್ಯಾನಿಗೆ ಹೆಗಲು ಕೊಟ್ಟು ತಳ್ಳಿದ. ತಿರುವಿನಲ್ಲಿ ನಿಂತು ಮೊದಲು ಆಂಬುಲೆನ್ಸಿಗೆ, ಆಮೇಲೆ ಅಕ್ಕನಿಗೆ ಫೋನ್ ಮಾಡಿದ. ಸೈರನ್ ಹಾಕ್ಬೇಡಿ ಎಂದು ಮೂರು ಸಲ ಹೇಳಿದ.

ಒಳಗೆ ಅಪ್ಪ ನೆಲದ ಮೇಲೆ ಹರಡಿದ್ದ ಫೋಮಿನ ಹಾಳೆಗಳನ್ನು ಒಂದೊಂದಾಗಿ, ಸದ್ದಾಗದಂತೆ, ಅಟ್ಟದ ಅಂಚಿನ ಕೆಳಗೆ ಸರಿಸಿದ. ಆಮೇಲೆ ಬಿಚ್ಚಿಟ್ಟ ಸೋಫಾದ ಮುಂದೆ ಕೂತ. ಅವಳ ಕಡೆ ನೋಡಲಿಲ್ಲ. ದಾರ ಕೈಗೆ ತೆಗೆದುಕೊಂಡು, ದಿನನಿತ್ಯದ ದನಿಯಲ್ಲಿ ಮಾತಾಡತೊಡಗಿದ.

"ಇದರ ಬೆನ್ನಿನ ಸ್ಪ್ರಿಂಗು ಒಂದು ಜಾರಿದೆ. ಕೆಳಗಿಂದ ಕಾಣ್ತಿಲ್ಲ ನಂಗೆ. ಮೇಲಿಂದ ಕಂಡೀತು. ಎಡಗಡೇದಾ, ಬಲಗಡೇದಾ?"

ಅವನು ಸೂಜಿ ಪೋಣಿಸಿದ. ದಾರ ಮೂರು ಸಲ ತಪ್ಪಿತು.

"ಅವಸರ ಇಲ್ಲ. ನೋಡ್ಕೊಂಡು ಹೇಳು."

"ಎಡ," ಎಂದಿತು ಮೇಲಿನ ದನಿ. ನಾಲಿಗೆ ದಪ್ಪಗಾಗಿತ್ತು.

"ಎಡಾನಾ? ಸರಿ. ಎಷ್ಟನೇದು?"

"ಗೊತ್ತಿಲ್ಲ... ಅವರು ಹೋದ್ರಾ?"

"ಹೋದ್ರು. ಡಬ್ಬ ಪಕ್ಕಕ್ಕೆ ಇಡ್ತೀಯಾ? ಅಂಚಿಂದ ಸ್ವಲ್ಪ ಹಿಂದಕ್ಕೆ ಸರಿದು ಕೂರು. ಬೆನ್ನಿಗೆ ಫೋಮು ಸಿಗುತ್ತೆ."

ಅವಳು ಡಬ್ಬ ಇಡಲಿಲ್ಲ. ಹಿಂದಕ್ಕೂ ಸರಿಯಲಿಲ್ಲ. ಅವನು ಮುಂದಿನ ಸ್ಪ್ರಿಂಗು ಕೇಳಿದ, ಅದರ ಮುಂದಿನದು ಕೇಳಿದ. ಏಣಿಯ ಮೇಲೆ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು. ಅರ್ಧ ಗಂಟೆಯಾದ ಮೇಲೆ ಡಬ್ಬ ಮರದ ಹಲಗೆಯ ಮೇಲೆ ಕೂತ ಸದ್ದು ಕೇಳಿತು. ಕಾಲುಗಳು ಒಂದೊಂದಾಗಿ ಮೇಲೆ ಹೋದವು.

ಅಮ್ಮ ಬಂದಾಗ ಚಪ್ಪಲಿ ಬೀದಿಯಲ್ಲೇ ಬಿಟ್ಟಿದ್ದಳು. ಅತ್ತೆಯ ಭುಜ ಮುಟ್ಟಿ ಏಳಿಸಿ, ಏಣಿ ಹತ್ತಿ, ಮಗಳ ಪಕ್ಕದಲ್ಲಿ ಮಲಗಿದಳು. ಆಂಬುಲೆನ್ಸಿನವರು ಬರಿಗಾಲಲ್ಲಿ ಒಳಗೆ ಬಂದರು.

ಆಸ್ಪತ್ರೆಯಲ್ಲಿ ಎರಡು ದಿನ ಅವಳ ಎದೆಗೆ ತಂತಿಗಳನ್ನು ಅಂಟಿಸಿ ನೋಡಿದರು. ಹೃದಯದ ಬಡಿತ ಒಮ್ಮೆ ತಪ್ಪಿತು, ಮತ್ತೆ ಸರಿಹೋಯಿತು. ಮೂರನೆಯ ದಿನ ಕುಳ್ಳ ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು ಹುಡುಗಿಯನ್ನೇ ಕೇಳಿದಳು.

"ಮಕ್ಕಳ ವಾರ್ಡಲ್ಲಿ ಮೂರು ವಾರ ಇರ್ತೀಯಾ? ಆಮೇಲೆ ವಾರಕ್ಕೆ ಎರಡು ಸಲ ಬರೋದು ಇದ್ದೇ ಇದೆ."

"ಬೀಗ ಹಾಕ್ತೀರಾ?"

"ಹಗಲು ಇಲ್ಲ. ಹೋಗಬೇಕು ಅನ್ಸಿದ್ರೆ ನಂಗೆ ಹೇಳು, ಕೂತು ಮಾತಾಡೋಣ. ಮನೆಯವರೊಬ್ಬರು ಜೊತೆಗಿರಬಹುದು."

"ನಾನಿರ್ತೀನಿ," ಎಂದ ಅಪ್ಪ.

ಹುಡುಗಿ ಗೋಡೆಯ ಕಡೆ ಹೊರಳಿದಳು. "ಅಪ್ಪ ಬೇಡ. ಅಜ್ಜಿ ಇರ್ಲಿ."

ಮದುವೆಯಾಗಿ ಬಂದ ಮೇಲೆ ಒಂದು ದಿನವೂ ಮನೆ ಬಿಟ್ಟು ಮಲಗದ ಅಜ್ಜಿ ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ ತುಂಬಿಕೊಂಡು ವಾರ್ಡಿಗೆ ಹೋದಳು.

ಮನೆಯಲ್ಲಿ ಇಬ್ಬರೇ ಉಳಿದರು. ಅಮ್ಮ ಗಂಡನಿಗೆ ತಟ್ಟೆ ಇಡುತ್ತಿದ್ದಳು, ಅನ್ನ ಹಾಕುತ್ತಿದ್ದಳು, ಮಾತಾಡುತ್ತಿರಲಿಲ್ಲ. ಈಗ ಕೂಗಿದರೂ ಕೇಳುವವರಿರಲಿಲ್ಲ. ಅವನು ಒಮ್ಮೆ ಕೇಳಿದ, "ಬೈಯಾದ್ರೂ ಬೈಯೇ." ಅವಳು ತಟ್ಟೆ ತೆಗೆದುಕೊಂಡು ಎದ್ದಳು. ಅವನು ಉಳಿದ ಸಲ್ಯೂಷನ್ ಡಬ್ಬವನ್ನು ಕೊಂಡ ಅಂಗಡಿಗೆ ಹಿಂದಿರುಗಿಸಿ ಬಂದ. ಚರ್ಮದ ಸೋಫಾದ ಗಿರಾಕಿಗೆ ಆಗುವುದಿಲ್ಲ ಎಂದು ಹೇಳಿದ. ಅದನ್ನೂ ಅವಳು ಕೇಳಿಸಿಕೊಂಡಳು, ದೀಪ ಆರಿಸಿದಳು.

ಪ್ರತಿದಿನ ನಾಲ್ಕು ಗಂಟೆಗೆ ಅವನು ಆಸ್ಪತ್ರೆಗೆ ಹೋಗಿ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದ. ಅಜ್ಜಿ ಹೊರಗೆ ಬಂದು ವರದಿ ಕೊಡುತ್ತಿದ್ದಳು. ಇವತ್ತು ಅತ್ತಳು. ಇವತ್ತು ತಟ್ಟೆ ಎಸೆದಳು. ಇವತ್ತು ಪಕ್ಕದ ಮಂಚದ ಹುಡುಗಿ ಕಿಟಕಿಯಿಂದ ಇಳಿದು ಹೋಗಿದ್ದಾಳೆ, ಇನ್ನೂ ಸಿಕ್ಕಿಲ್ಲ. ಅದನ್ನು ಕೇಳಿದ ದಿನ ಅಪ್ಪ ಎಂದಿನಂತೆ ಸಂಜೆ ಐದಕ್ಕೆ ಎದ್ದು ಹೋಗಲಿಲ್ಲ, ಕಾವಲುಗಾರ ಬಂದು ಎಬ್ಬಿಸುವ ತನಕ ಕೂತಿದ್ದ.

ಹನ್ನೊಂದನೆಯ ದಿನ ಹುಡುಗಿಯೇ ಹೊರಗೆ ಬಂದಳು. ತೆಳ್ಳಗಾಗಿದ್ದಳು. ಬಾಯಿಯ ಸುತ್ತಲಿನ ಗುಳ್ಳೆ ಒಣಗಿ ಕಪ್ಪು ಕಲೆಯಾಗಿತ್ತು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಇಬ್ಬರು ಕೂರುವಷ್ಟು ಜಾಗ.

"ವ್ಯಾನ್ ಕರೆಸಿದ್ದು ನಾನೇ," ಎಂದ ಅಪ್ಪ.

"ಗೊತ್ತು."

"ನಿಮ್ಮಮ್ಮಂಗೆ ಹೇಳಿರಲಿಲ್ಲ."

"ಅದೂ ಗೊತ್ತು. ಮತ್ತೆ ಕರೆಸ್ತೀಯಾ?"

"ಇಲ್ಲ."

"ನಾನು ಮತ್ತೆ ಮೂಸಿದ್ರೆ?"

ಅವನ ಕೈಗಳು ಬೆಂಚಿನ ಅಂಚು ಹಿಡಿದವು. ದಿನಾ ಇಲ್ಲಿ ಕೂತು ಅವನು ಎಷ್ಟೋ ಮಾತು ಜೋಡಿಸಿಟ್ಟಿದ್ದ. "ಗೊತ್ತಿಲ್ಲ ಪಾಪು. ನಂಗೆ ಭಯ."

"ನಂಗೂ," ಎಂದಳು ಅವಳು. "ದಿನಾ ಮೂಸ್ಬೇಕು ಅನ್ಸುತ್ತೆ. ಬೆಳಗ್ಗೆ ಎದ್ದ ತಕ್ಷಣ ಅನ್ಸುತ್ತೆ. ಡಾಕ್ಟ್ರಿಗೆ ಹೇಳಿದೀನಿ."

"ಏನಂದ್ರು?"

"ಅನ್ಸಿದಾಗೆಲ್ಲ ಬಂದು ಹೇಳು ಅಂದ್ರು. ನೆನ್ನೆ ಒಂಬತ್ತು ಸಲ ಹೇಳಿದೆ. ಅಜ್ಜಿ ಲೆಕ್ಕ ಇಟ್ಟಿದ್ದಾಳೆ."

ಒಳಗಿನಿಂದ ನರ್ಸ್ ಕರೆದಳು. ಹುಡುಗಿ ಎದ್ದಳು, ಎರಡು ಹೆಜ್ಜೆ ಹೋಗಿ ನಿಂತಳು.

"ನಾಳೆ ಬರುವಾಗ ಮೊಟ್ಟೆ ಬೇಯಿಸ್ಕೊಂಡು ಬಾ. ಇಲ್ಲಿನ ಊಟಕ್ಕೆ ಅಜ್ಜಿ ದಿನಾ ಅಡುಗೆಯವನಿಗೆ ಬೈತಿದ್ದಾಳೆ."

"ಎಷ್ಟು?"

"ಮೂರು. ನೀನೂ ಇಲ್ಲೇ ತಿನ್ನು."

ಮರುದಿನ ಮಧ್ಯಾಹ್ನ ಅವನು ಅಂಗಡಿ ಬೇಗ ಮುಚ್ಚಿ ಪಾತ್ರೆಗೆ ನೀರು ಹಾಕಿ ಒಲೆಯ ಮೇಲಿಟ್ಟ. ಮೊಟ್ಟೆ ಒಡೆಯುತ್ತದೋ ಏನೋ ಎಂದು ಒಂದೊಂದನ್ನೂ ಚಮಚದಲ್ಲಿ ಇಳಿಸಿದ. ಮೂರನೆಯದು ಇಳಿಸುವಾಗ ಹಿಂದೆ ಲಾಂಡ್ರಿಯಿಂದ ಬಂದ ಹೆಂಡತಿ ನಿಂತಿದ್ದಳು. ಅವಳು ಪಾತ್ರೆ ನೋಡಿದಳು, ಅವನ ಕೈ ನೋಡಿದಳು.

"ಪಾಪು ಕೇಳಿದ್ಲು," ಎಂದ ಅವನು.

ಅವಳು ಕೈಚೀಲವನ್ನು ಮೊಳೆಗೆ ತಗುಲಿಹಾಕಿದಳು. ಮುಖ ತೊಳೆದು ಬಂದಳು. ಹನ್ನೆರಡು ದಿನಗಳಲ್ಲಿ ಅವನಿಗೆ ಅವಳು ಆಡಿದ ಮೊದಲ ಮಾತು ಅದು:

"ಇನ್ನೊಂದು ಹಾಕಿ. ನಾನೂ ಬರ್ತೀನಿ."